ಬ್ಯಾಡ ಅನ್ನುವವರು ಬೇಕಾಗಿದ್ದಾರೆ

ನಮ್ಮ ಮಾವ ಕೊಟ್ಟ ಉಪ್ಪಿನ ಚಹಾ ಕುಡಿಯದವರು ದಾವಣಗೆರೆಯಲ್ಲಿ ಯಾರಾದರೂ ಇದ್ದರೆ, ಅವರಿಗೆ ಆಗ ಕೆಲಸದ ಅಗತ್ಯ ಇರಲಿಲ್ಲ ಎಂದೇ ಅರ್ಥ! ಇದು ಅತಿಯಾಯಿತು ಎನ್ನುತ್ತೀರಾ? ಅನ್ನಿ. ಎಂಬತ್ತರ ಇಸವಿಯ ಆಸುಪಾಸಿನಲ್ಲಿ ಸುಮಾರು ಒಂದು ವರ್ಷ, ಭಾನುವಾರ ಬೆಳಗಾದರೆ ಸಾಕು, ದೇವರಾಜ ಅರಸು ಬಡಾವಣೆಯ ಅವರ ಮನೆಯ ಪಡಸಾಲೆಗೆ ಒಬ್ಬರಾದ ಮೇಲೊಬ್ಬರು ಬಂದು ಕೂತು, ಆ ಚಹಾವನ್ನು ಲೋಟದ ತಳ ಕಾಣುವವರೆಗೆ ಕುಡಿದು, "ಭಾಳ ಚಲೋ ಐತ್ರಿ" ಎಂದು ಮೀಸೆ ಒರೆಸಿಕೊಳ್ಳುವುದನ್ನು ಕಣ್ಣಾರೆ ಕಂಡವನು ನಾನು. ಎದುರು ಕೂತ ಮಾವ ಮಾತ್ರ ಪ್ರತಿ ಸಲವೂ ಮುಖ ಸಣ್ಣದು ಮಾಡಿಕೊಂಡು, ಕೈಯಲ್ಲಿದ್ದ ಪಟ್ಟಿಯಿಂದ ಒಂದು ಹೆಸರನ್ನು ಹೊಡೆದುಹಾಕುತ್ತಿದ್ದರು.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಹರೆಯದಲ್ಲಿ ಹತ್ತಿ ಗಿರಣಿಯ ರಿಪೇರಿ ಶೆಡ್ಡಿನಲ್ಲಿ, ಕಬ್ಬಿಣವನ್ನು ತಿರುಗಿಸಿ ಕೊರೆಯುವ ಲೇತ್ ಯಂತ್ರದ ಕೆಲಸ ಕಲಿತು, ಆಮೇಲೆ ಒಂದು ಹಳೆಯ ಲೇತನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಅದನ್ನೇ ನಂಬಿ ಊರ ಅಂಚಿನ ಕರೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ತಗಡಿನ ಶೆಡ್ಡು ಹಾಕಿದವರು. ನಾನು ಅಲ್ಲಿಗೆ ಹೋಗಿ ಸೇರುವ ಹೊತ್ತಿಗೆ ಐದು ಲೇತು, ಹದಿನಾಲ್ಕು ಜನ ಕೆಲಸಗಾರರು ಇದ್ದರು. ಬಿ.ಕಾಂ. ಮುಗಿಸಿ ಎಲ್ಲೂ ಕೆಲಸ ಸಿಗದೆ ಅಲೆಯುತ್ತಿದ್ದ ನನ್ನನ್ನು, ಅಮ್ಮನ ಕಾಟ ತಡೆಯಲಾರದೆ, ಹೊರಗೆ ಹೋಗುವ ಸಾಮಾನಿಗೆ ಚಲನ್ ಬರೆಯುವ ಕೆಲಸಕ್ಕೆ ಹಾಕಿಕೊಂಡಿದ್ದರು. ಊಟ, ನಿದ್ರೆ ಅವರ ಮನೆಯಲ್ಲೇ. ನಾವು ಮಾಡುತ್ತಿದ್ದದ್ದು ಬುಷ್‌ಗಳು. ಬುಷ್ ಎಂದರೆ ದಪ್ಪ ಉಂಗುರದಂಥ ಒಂದು ಕಬ್ಬಿಣದ ತುಂಡು, ಅಷ್ಟೆ. ಅವೆಲ್ಲ ಹರಿಹರದ ಒಂದು ದೊಡ್ಡ ಕಾರ್ಖಾನೆಗೆ ಹೋಗಿ ಯಾವುದೋ ಯಂತ್ರದ ಹೊಟ್ಟೆ ಸೇರುತ್ತಿದ್ದವು. ಆ ಕಾರ್ಖಾನೆಯ ಆರ್ಡರೇ ನಮ್ಮ ಹದಿನಾಲ್ಕು ಮನೆಗಳ ಒಲೆ.

ಮಾವನ ಆಫೀಸ್ ಕೋಣೆಯಲ್ಲಿ ಒಂದು ಕರಿಹಲಗೆ ಇತ್ತು. ಬೇರೆಯವರು ಅಂಥ ಹಲಗೆಯ ಮೇಲೆ ಈ ತಿಂಗಳು ಎಷ್ಟು ಮಾಲು ಹೋಗಬೇಕು ಎಂದು ಬರೆಯುತ್ತಾರೆ. ಮಾವ ಬರೆದದ್ದು ಲೋಕದಲ್ಲಿ ಯಾವ ಕೆಲಸಕ್ಕೆ ಜನ ಸುಲಭವಾಗಿ ಸಿಗುತ್ತಾರೆ, ಯಾವುದಕ್ಕೆ ಸಿಗುವುದಿಲ್ಲ ಎಂಬ ಪಟ್ಟಿ! ಸುಲಭದವರು ಕೆಳಗೆ, ಕಷ್ಟದವರು ಮೇಲೆ. ವರ್ಷಗಟ್ಟಲೆ ಅನುಭವದಿಂದ ಅಳಿಸಿ, ತಿದ್ದಿ, ಮತ್ತೆ ಬರೆದ ಪಟ್ಟಿ ಅದು. ಯಾರೇ ಬಂದರೂ ಮೊದಲು ಅದನ್ನು ಓದಿಸಿ, ಆಮೇಲೆ ಕೂರಲು ಹೇಳುತ್ತಿದ್ದರು.

ಎಲ್ಲಕ್ಕಿಂತ ಕೆಳಗೆ ಇದ್ದದ್ದು ಸೂಪರ್‌ವೈಜರ್. ಇದಕ್ಕೆ ಕಾರಣ ಇತ್ತು. ಒಂದು ಸಲ ಒಂದೇ ಒಂದು ತಿಂಗಳ ಮಟ್ಟಿಗೆ ಸೂಪರ್‌ವೈಜರ್ ಬೇಕಾಗಿ, ಗೇಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದ್ದರು. ಹತ್ತು ಗಂಟೆಯ ಒಳಗೆ ಶೆಡ್ಡಿನ ಮುಂದೆ ಜಾತ್ರೆ ನೆರೆದಿತ್ತು. ಎಲ್ಲರೂ ಆಗಲೇ ಕೈ ಹಿಂದಕ್ಕೆ ಕಟ್ಟಿಕೊಂಡು, ತಲೆ ಸ್ವಲ್ಪ ಓರೆ ಮಾಡಿಕೊಂಡು, ಪೂರಾ ತರಬೇತಿಯಾದವರ ಹಾಗೇ ನಿಂತಿದ್ದರು. ಸಾಲಿನ ಕೊನೆಯಲ್ಲಿ ನೋಡಿದರೆ ನಮ್ಮ ಕಾವಲುಗಾರನೇ ನಿಂತಿದ್ದಾನೆ. ನೀನು ಇಲ್ಲಿ ಬಂದರೆ ಗೇಟಿನಲ್ಲಿ ಯಾರಿದ್ದಾರೋ ಎಂದು ಮಾವ ಕೇಳಿದರು. "ಅಲ್ಲಿ ಯಾರೂ ಇಲ್ರಿ ಯಜಮಾನ್ರೆ. ಅಂಥಾದ್ನೆಲ್ಲ ನೋಡಾಕೆ ಒಬ್ಬ ಸೂಪರ್‌ವೈಜರ್ ಬೇಕು ನೋಡ್ರಿ, ಅದಕ್ಕೇ ಬಂದೆ" ಎಂದನವನು.

ಟರ್ನರ್, ಅಂದರೆ ಲೇತಿನ ಮೇಲೆ ಕಬ್ಬಿಣ ಕೊರೆಯುವವನು, ಪಟ್ಟಿಯ ನಡುವೆ ಇದ್ದ. ಅವನನ್ನು ಆರಿಸುವುದಕ್ಕೆ ಮಾವ ಸರ್ಟಿಫಿಕೇಟು ನೋಡುತ್ತಿರಲಿಲ್ಲ. ಸಂಜೆ ಮಂಡಕ್ಕಿ ಅಂಗಡಿಗೆ ಕರೆದುಕೊಂಡು ಹೋಗಿ, ಎಣ್ಣೆಯಿಂದ ಆಗಷ್ಟೇ ಎದ್ದ ಮಿರ್ಚಿಯನ್ನು ಎದುರಿಗಿಟ್ಟು ಸುಮ್ಮನೆ ಕೂರುತ್ತಿದ್ದರು. ಬಿಸಿ ಬಿಸಿಯೇ ಬಾಯಿಗೆ ಹಾಕಿಕೊಂಡವನು ಬೇಡ. ಅವಸರದವನು, ಕಬ್ಬಿಣವನ್ನು ಜಾಸ್ತಿ ಕೊರೆದುಬಿಡುತ್ತಾನೆ. ಪೂರ್ತಿ ಆರಲಿ ಎಂದು ಕಾದು ಕೂತವನೂ ಬೇಡ. ಅವನು ದಿನಕ್ಕೆ ನಾಲ್ಕು ಬುಷ್ ಮಾಡುತ್ತಾನೆ. ತುದಿ ಮುರಿದು, ಎರಡು ಸಲ ಊದಿ, ಹಬೆ ಹೋದದ್ದನ್ನು ನೋಡಿ ತಿನ್ನುವವನು ಯಾರೋ ಅವನೇ ಟರ್ನರ್! ನಮ್ಮ ಹಿರಿಯ ಮೇಸ್ತ್ರಿ ರುದ್ರಪ್ಪ ಆಯ್ಕೆಯಾದದ್ದು ಹೀಗೆಯೇ. ಅದಾಗಿ ಎಷ್ಟೋ ವರ್ಷವಾದರೂ, ಯಾರಾದರೂ ಎದುರಿಗೆ ಮಿರ್ಚಿ ಇಟ್ಟರೆ ತನ್ನ ಎದೆ ಡವಡವ ಅಂತದೆ ಎಂದು ರುದ್ರಪ್ಪ ಹೇಳುತ್ತಿದ್ದ.

ಪಟ್ಟಿಯ ತುತ್ತತುದಿ ಮಾತ್ರ ಬಹಳ ಕಾಲ ಖಾಲಿ ಇತ್ತು. ಅಲ್ಲಿ ಒಂದು ಹೆಸರು ಬಿದ್ದದ್ದು ಹರಿಹರದಿಂದ ಟೆಂಪೋ ವಾಪಸ್ ಬಂದ ದಿನ. ನಾವು ಕಳಿಸಿದ ಬುಷ್‌ಗಳಲ್ಲಿ ಹತ್ತಕ್ಕೆ ಒಂದರಂತೆ ಕಾರ್ಖಾನೆಯವರು ಕೆಂಪು ಬಣ್ಣ ಬಳಿದು, ಅಳತೆ ಸರಿ ಇಲ್ಲ ಎಂದು ಹಿಂದಕ್ಕೆ ಅಟ್ಟಿದ್ದರು. ಮಾವ ಆ ಕೆಂಪು ರಾಶಿಯ ಮುಂದೆ ತುಂಬಾ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದರು. ಆಮೇಲೆ ಎದ್ದು ಹೋಗಿ ಹಲಗೆಯ ಮೇಲ್ತುದಿಯಲ್ಲಿ 'ಚೆಕ್ಕರ್' ಎಂದು ಬರೆದರು.

ಚೆಕ್ಕರ್ ಕೆಲಸ ಏನು ಮಹಾ ಎಂದುಕೊಳ್ಳಬೇಡಿ. ಕೈಗೆ ಒಂದು ಗೇಜು ಕೊಡುತ್ತಾರೆ. ಎರಡು ತುದಿಯ ಗುಂಡು ಕಡ್ಡಿ. ಒಂದು ತುದಿ ಬುಷ್ಷಿನ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಮೊದಲನೆಯದು ಹೋಗದಿದ್ದರೂ ಬುಷ್ ಬೇಡ, ಎರಡನೆಯದು ಹೋದರೂ ಬೇಡ. ಇಷ್ಟನ್ನು ಕಲಿಯಲು ಐದು ನಿಮಿಷ ಸಾಕು. ಆದರೆ ಆ ಬುಷ್ ಮಾಡಿದವನು ಎದುರಿಗೇ ನಿಂತಿರುತ್ತಾನಲ್ಲ! ಅವನು ನಿಮ್ಮ ಬೀಗರ ಕಡೆಯವನು, ಅಥವಾ ನಿಮ್ಮ ಓಣಿಯವನು, ಅಥವಾ ನಿಮ್ಮ ಮಗಳ ಮದುವೆಯಲ್ಲಿ ಹಗಲೂ ರಾತ್ರಿ ಓಡಾಡಿದವನು. ಅವನ ಮುಖ ನೋಡಿಕೊಂಡು 'ಇದು ಬ್ಯಾಡ' ಎನ್ನುವ ಗಂಡೆದೆ ನಮ್ಮ ಸೀಮೆಯಲ್ಲಿ ಯಾರಿಗಿದೆ? ದಾಕ್ಷಿಣ್ಯ ನಮಗೆ ಹುಟ್ಟುವಾಗಲೇ ಹತ್ತಿದ ಜಡ್ಡು. ಶೆಡ್ಡಿನಲ್ಲಿದ್ದ ಒಬ್ಬೊಬ್ಬರನ್ನೇ ಮಾವ ಚೆಕ್ಕರ್ ಮಾಡಿ ನೋಡಿದರು. ಒಬ್ಬನಂತೂ ಹೋಗಬೇಕಾದ ತುದಿ ಹೋಗದಿದ್ದಾಗ ಅದನ್ನು ಅಂಗೈಯಿಂದ ಗುದ್ದಿ ಒಳಗೆ ತೂರಿಸಿ, ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡರೆ ಎಲ್ಲವೂ ಹೋಗ್ತಾವೆ ಎಂದು ಸಮಾಧಾನ ಹೇಳಿದ.

ಆಗ ಹುಟ್ಟಿತು ಉಪ್ಪಿನ ಉಪಾಯ. ಮಾವನ ಲೆಕ್ಕ ಬಲು ಸರಳ. ಯಾರದೋ ಮನೆಗೆ ಹೋಗಿ, ಅವರು ಕೊಟ್ಟ ಚಹಾ ಉಪ್ಪಾಗಿದೆ ಎಂದು ಅವರ ಮುಖಕ್ಕೇ ಹೇಳಬಲ್ಲವನು ಯಾರ ಬುಷ್ಷನ್ನಾದರೂ ಬೇಡ ಎನ್ನಬಲ್ಲ. ಪಾಪ, ಅತ್ತೆ ಒಳಗೆ ಶುಂಠಿ ಜಜ್ಜಿ ಹಾಕಿ ಒಳ್ಳೆಯ ಚಹಾ ಮಾಡಿ ಕಳಿಸುತ್ತಿದ್ದರು. ಮಾವ ಲೋಟ ಕೈಗೆ ಕೊಡುವ ನೆಪದಲ್ಲಿ, ಕೋಟಿನ ಜೇಬಿನಲ್ಲಿದ್ದ ಪೇಪರ್ ಪೊಟ್ಟಣದಿಂದ ಒಂದು ಚಿಟಿಕೆಯಲ್ಲ, ಒಂದು ಹಿಡಿ ಎನ್ನಬಹುದಾದಷ್ಟು ಉಪ್ಪನ್ನು ಬೆರೆಸುತ್ತಿದ್ದರು. ಅತ್ತೆಗೆ ಇದರ ಸುಳಿವೇ ಇರಲಿಲ್ಲ.

ಬಂದವರೆಲ್ಲ ಕುಡಿದರು! ಐ.ಟಿ.ಐ. ಮಾಡಿದವರು ಕುಡಿದರು, ಡಿಪ್ಲೊಮಾ ಮಾಡಿದವರು ಕುಡಿದರು. ಕೊಂಡಜ್ಜಿಯಲ್ಲಿ ಸ್ಕೌಟ್ ಹುಡುಗರಿಗೆ ತರಬೇತಿ ಕೊಡುತ್ತಿದ್ದವರೊಬ್ಬರು ಖಾಕಿ ಚಡ್ಡಿಯಲ್ಲಿ ಬಂದಾಗ ಮಾವನಿಗೆ ಭಾರೀ ಆಸೆ ಹುಟ್ಟಿತ್ತು, ಇವರು ಸುಳ್ಳು ಹೇಳುವ ಜಾತಿಯಲ್ಲ ಎಂದು. ಅವರು ನೆಟ್ಟಗೆ ಕೂತು ಒಂದೇ ಗುಟುಕಿಗೆ ಕುಡಿದು, ಇನ್ನೊಂದು ಲೋಟ ಸಿಕ್ಕರೆ ಆಗಬಹುದಿತ್ತು ಎಂದರು. ಆ ಭಾನುವಾರ ಮಾವ ಮಧ್ಯಾಹ್ನದ ಊಟ ಬಿಟ್ಟರು.

ಇದರ ಹೊಡೆತ ಬಿದ್ದದ್ದು ಅತ್ತೆಯ ಮೇಲೆ. ಕುಡಿದವರು ಮಾವನ ಎದುರು ಸುಮ್ಮನಿದ್ದರೇ ಹೊರತು ಊರಲ್ಲಿ ಸುಮ್ಮನಿರಲಿಲ್ಲ. ಆ ಮನೆಯಾಕೆಗೆ ವಯಸ್ಸಾಗಿ ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯುತ್ತಿಲ್ಲ ಎಂದು ಬಡಾವಣೆಯ ತುಂಬ ಸುದ್ದಿ. ಮದುವೆ ಮನೆಯಲ್ಲಿ ಹೆಂಗಸರು ಅತ್ತೆಯ ಕೈ ಹಿಡಿದು, ಒಬ್ಬರೇ ದುಡಿದು ಸಾಕಾಗಿದೆ ನಿಮಗೆ, ಅಡುಗೆಗೆ ಯಾರನ್ನಾದರೂ ಇಟ್ಟುಕೊಳ್ಳಿ ಎನ್ನುತ್ತಿದ್ದರು. ಪಕ್ಕದ ಮನೆಯವರು ಭಾನುವಾರ ಫ್ಲಾಸ್ಕಿನಲ್ಲಿ ಚಹಾ ತಂದು, ನಮ್ಮಲ್ಲಿ ಜಾಸ್ತಿ ಆಗಿತ್ತು ಎಂದು ಕೊಟ್ಟು ಹೋಗುತ್ತಿದ್ದರು. ಅತ್ತೆ ಮಾತ್ರ ಜನ ಎಷ್ಟು ಒಳ್ಳೆಯವರಾಗಿಬಿಟ್ಟರಲ್ಲ ಎಂದು ಬೆರಗಾಗುತ್ತಿದ್ದರು. ಒಬ್ಬರಾದರೂ ನಿಜ ಕಾರಣ ಹೇಳಬಾರದೇ? ದಾಕ್ಷಿಣ್ಯ ಸ್ವಾಮಿ, ದಾಕ್ಷಿಣ್ಯ!

ಚಹಾ ಕೈಕೊಟ್ಟಾಗ ಮಾವ ಸೊನ್ನೆ ಮೇಷ್ಟ್ರ ಮೊರೆ ಹೊಕ್ಕರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದ ಅವರು ಅರ್ಧ ದಾವಣಗೆರೆಗೆ ಸೊನ್ನೆ ಕೊಟ್ಟವರು, ಅದರಲ್ಲಿ ನಾನೂ ಒಬ್ಬ. ಇಂಥವರಿಗೆ ಪರೀಕ್ಷೆ ಯಾಕೆ ಎಂದು ಮಾವ ಚಹಾ ಇಲ್ಲದೆಯೇ ಕೆಲಸಕ್ಕೆ ತೆಗೆದುಕೊಂಡರು. ಮೊದಲ ದಿನ ಮೇಷ್ಟ್ರು ಒಂದು ಬುಷ್ಷನ್ನೂ ತೆಗೆದುಹಾಕಲಿಲ್ಲ. ಎರಡನೆಯ ದಿನವೂ ಇಲ್ಲ. ಕೇಳಿದರೆ, ಕೂದಲೆಳೆಯಷ್ಟು ತಪ್ಪಿದ್ದಕ್ಕೆ ಗ್ರೇಸ್ ಕೊಟ್ಟೆ ಎಂದರು! ನಾಲ್ಕನೆಯ ದಿನ ಅವರೇ ಕೆಲಸ ಬಿಟ್ಟರು. ಹೊರಡುವಾಗ ಮಾವನಿಗೆ ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ. "ಹುಡುಗರ ಪೇಪರ್ ನಾನು ಮನ್ಯಾಗೆ ಒಬ್ಬನೇ ಕುಂತು ತಿದ್ದತಿದ್ದೆ ನೋಡ್ರಿ. ಸೊನ್ನೆ ಹಾಕೋದು ಸುಲಭ ಇತ್ತು. ಇಲ್ಲಿ ಮಾಡ್ದೋರು ಎದುರಿಗೇ ನಿಂತಿರ್ತಾರೆ."

ಮೇಷ್ಟ್ರು ಗ್ರೇಸ್ ಕೊಟ್ಟ ಬುಷ್‌ಗಳಿಗೆ ಹರಿಹರದವರು ಕೊಡಲಿಲ್ಲ. ಎರಡನೆಯ ಸಲ ಟೆಂಪೋ ಕೆಂಪು ಬಳಿದುಕೊಂಡು ವಾಪಸ್ ಬಂತು, ಜೊತೆಗೆ ಒಂದು ಕಾಗದವೂ ಬಂತು. ಇನ್ನೊಮ್ಮೆ ಹೀಗಾದರೆ ಆರ್ಡರ್ ನಿಲ್ಲಿಸುತ್ತೇವೆ ಎಂದು.

ಈಗ ಒಂದು ಗುಟ್ಟು ಹೇಳಬೇಕು. ವಾಪಸ್ ಬಂದ ಬುಷ್‌ಗಳಲ್ಲಿ ಹೆಚ್ಚಿನವು ಯಾರವು ಎಂಬುದು ನಮಗೆಲ್ಲ ಮೊದಲ ಸಲವೇ ಗೊತ್ತಾಗಿತ್ತು. ಅವು ಮಾವನವು! ಯಜಮಾನರಾದರೂ ಮಾವ ದಿನವೂ ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ತಮ್ಮ ಹಳೆಯ ಲೇತಿನ ಮುಂದೆ ನಿಂತು ಕೆಲಸ ಮಾಡುತ್ತಿದ್ದರು. ಒಂದು ಕಾಲಕ್ಕೆ ಅವರ ಬುಷ್ ಎಂದರೆ ಕಣ್ಣು ಮುಚ್ಚಿಕೊಂಡು ಪೆಟ್ಟಿಗೆಗೆ ಹಾಕುವಂಥದ್ದು. ನಮ್ಮಲ್ಲಿ ಪ್ರತಿ ಟರ್ನರ್ ತನ್ನ ಬುಷ್ಷಿನ ಅಂಚಿಗೆ ತನ್ನ ಗುರುತು ಒತ್ತುವ ಪದ್ಧತಿ ಇತ್ತು. ಮಾವನದು ಒಂದೇ ಒಂದು ಚುಕ್ಕೆ. ಮೊದಲ ಸಲ ಟೆಂಪೋ ಬಂದಾಗ ಕೆಂಪು ರಾಶಿಯಲ್ಲಿ ಆ ಚುಕ್ಕೆಯೇ ತುಂಬಿತ್ತು. ರುದ್ರಪ್ಪ ನನ್ನ ಮುಖ ನೋಡಿದ, ನಾನು ರುದ್ರಪ್ಪನ ಮುಖ ನೋಡಿದೆ. ಮಾವ ಬಂದು ನೋಡುವ ಮೊದಲೇ ಇಬ್ಬರೂ ಅರ ಹಿಡಿದು ಕೂತು, ಆ ಚುಕ್ಕೆಗಳನ್ನು ಉಜ್ಜಿ ಅಳಿಸಿದೆವು. ಮೂವತ್ತು ವರ್ಷ ನಡೆಸಿದ ಕೈ ತಪ್ಪುತ್ತಿದೆ ಎಂದು ಅವರಿಗೆ ಯಾರು ಹೇಳುತ್ತಾರೆ? ನೀವಾಗಿದ್ದರೆ ಹೇಳುತ್ತಿದ್ದಿರಾ?

ಅಂದಮೇಲೆ ನಮಗೆ ಚೆಕ್ಕರ್ ಸಿಗುವುದೇ ಬೇಕಾಗಿರಲಿಲ್ಲ. ನಿಜವಾದ ಚೆಕ್ಕರ್ ಬಂದರೆ ಮೊದಲು ಹಿಡಿಯುವುದು ಮಾವನನ್ನೇ ಅಲ್ಲವೇ? ಅದಕ್ಕೇ ನಾವು ಒಂದು ಘನಕಾರ್ಯ ಮಾಡಿದೆವು. ಭಾನುವಾರ ಬರುವವರನ್ನು ಬಡಾವಣೆಯ ಮೂಲೆಯಲ್ಲೇ ತಡೆದು, ಒಳಗೆ ಚಹಾ ಸ್ವಲ್ಪ ಹೀಗೆ ಹೀಗೆ ಇರುತ್ತದೆ, ಮಾತಾಡದೆ ಕುಡಿದುಬಿಡಿ, ಯಜಮಾನರಿಗೆ ಅಂಥವರೇ ಇಷ್ಟ ಎಂದು ನಾನೇ ಹೇಳಿಕೊಡುತ್ತಿದ್ದೆ. ಹರಿಹರದ ಆ ಕಾಗದ ಬಂದ ಮೇಲಂತೂ, ಇತ್ತ ಮಾವ ಬುಷ್ ಮಾಡುವುದು, ಅತ್ತ ಊಟದ ಹೊತ್ತಿನಲ್ಲಿ ರುದ್ರಪ್ಪ ಅವುಗಳನ್ನು ಬದಿಗೆ ಸರಿಸಿ ತನ್ನವನ್ನು ಪೆಟ್ಟಿಗೆಗೆ ಸೇರಿಸುವುದು. ಹೀಗೆ ತಿಂಗಳುಗಳು ಸುಸೂತ್ರವಾಗಿ ಕಳೆದವು. ಒಂದು ಸಲ ಮಾವ ಇದ್ದಕ್ಕಿದ್ದಂತೆ ನನ್ನನ್ನು ಕರೆದು, ತಮ್ಮ ಮಾಲು ಹೇಗೆ ಬರುತ್ತಿದೆ ಎಂದು ಕೇಳಿದರು. ಫಸ್ಟ್ ಕ್ಲಾಸ್ ಮಾವಾ ಎಂದೆ. ಅವರು ಕನ್ನಡಕ ಒರೆಸಿಕೊಂಡು ಹೋದರು.

ಹಾಗಿರುವಾಗ ಹರಿಹರದಿಂದ ಎಂದಿಗಿಂತ ಎರಡರಷ್ಟು ದೊಡ್ಡ ಆರ್ಡರ್ ಬಂತು. ಎಲ್ಲ ಲೇತುಗಳೂ ದಿನವಿಡೀ ಓಡಲೇಬೇಕು, ಮಾವನದೂ ಸೇರಿ. ಅಷ್ಟನ್ನು ಬದಲಿಸಿಡಲು ರುದ್ರಪ್ಪನಿಗೆ ಇನ್ನೆರಡು ಕೈ ಇದ್ದರೂ ಸಾಲುತ್ತಿರಲಿಲ್ಲ. ಈ ಮಾಲು ವಾಪಸ್ ಬಂದರೆ ಶೆಡ್ಡಿಗೆ ಬೀಗ.

ಆ ವಾರದ ಭಾನುವಾರ ಹರಿಹರದಿಂದ ಇಮಾಮ್ ಸಾಬರು ಬಂದರು. ಕೆಲಸ ಕೇಳಿಕೊಂಡಲ್ಲ. ಅವರು ತಕ್ಕಡಿ ರಿಪೇರಿ ಮಾಡುವವರು. ನಮ್ಮ ಶೆಡ್ಡಿನ ದೊಡ್ಡ ತಕ್ಕಡಿ ಕೆಟ್ಟಿತ್ತು, ಶೆಡ್ಡಿನ ಬೀಗದ ಕೈ ಒಯ್ಯಲು ಮನೆಗೆ ಬಂದಿದ್ದರು. ಜೊತೆಗೆ ಮಗಳು ಜೈತೂನಬಿ, ಮೂವತ್ತರ ಆಸುಪಾಸಿನ ಹೆಂಗಸು, ತೂಕದ ಕಲ್ಲುಗಳ ಚೀಲ ಹಿಡಿದುಕೊಂಡಿದ್ದಳು. ಕೆಲಸಕ್ಕೆ ಬಂದವರಲ್ಲವಾದ್ದರಿಂದ ನಾನು ಮೂಲೆಯಲ್ಲಿ ತಡೆದಿರಲಿಲ್ಲ. ಮಾವ ಬರ್ರಿ, ಕೂಡ್ರಿ ಎಂದು ಉಪಚರಿಸಿದರು. ಚಹಾ ಬಂತು. ಅವರ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು!

ಇಮಾಮ್ ಸಾಬರು ಕುಡಿದರು. ಕಣ್ಣಲ್ಲಿ ನೀರು ಬಂದರೂ ಶುಕ್ರಿಯಾ ಎಂದರು. ಜೈತೂನಬಿ ಒಂದು ಗುಟುಕು ಕುಡಿದು, ಲೋಟವನ್ನು ಒಂದು ಸಲ ನೋಡಿ, ಎದ್ದು ಸೀದಾ ಅಡುಗೆಮನೆಯ ಬಾಗಿಲಿಗೆ ಹೋದಳು.

"ಅಕ್ಕಾರೆ, ಇದ್ರಾಗೆ ಉಪ್ಪು ಬಿದ್ದೈತ್ರಿ. ಕುಡಿಯಾಕೆ ಆಗಂಗಿಲ್ಲ. ಚೆಲ್ಲಿ ಬ್ಯಾರೆ ಮಾಡ್ರಿ."

ಅತ್ತೆ ಲೋಟ ತೆಗೆದುಕೊಂಡು ಒಂದು ತೊಟ್ಟು ಬಾಯಿಗಿಟ್ಟರು. ಒಂದು ವರ್ಷದ ಫ್ಲಾಸ್ಕುಗಳು, ಮದುವೆ ಮನೆಯ ಸಮಾಧಾನಗಳು, ಎಲ್ಲದರ ಅರ್ಥ ಆ ಒಂದೇ ತೊಟ್ಟಿನಲ್ಲಿ ಅವರಿಗೆ ಆಗಿಹೋಯಿತು. ಹೊರಗೆ ಬಂದು ಮಾವನ ಕೋಟಿನ ಜೇಬಿಗೆ ಕೈ ಹಾಕಿ, ಪೊಟ್ಟಣ ತೆಗೆದು, ಅದನ್ನು ಅವರ ತಲೆಯ ಮೇಲೆ ಸುರಿದರು. ಮಾವ ಕದಲಲಿಲ್ಲ. ಭುಜದ ಮೇಲೆಲ್ಲ ಉಪ್ಪು ಚೆಲ್ಲಿಕೊಂಡು, ಕನ್ಯೆ ಒಪ್ಪಿಗೆಯಾದ ವರನ ಹಾಗೆ ನಗುತ್ತಾ ಕೂತಿದ್ದರು. ಆಮೇಲೆ ಹದಿನೈದು ದಿನ ಅತ್ತೆ ಅವರೊಡನೆ ಮಾತು ಬಿಟ್ಟದ್ದು ಬೇರೆ ವಿಷಯ.

ಜೈತೂನಬಿಯನ್ನು ಚೆಕ್ಕರ್ ಕೆಲಸಕ್ಕೆ ಕಳಿಸಿ ಎಂದು ಮಾವ ಅಲ್ಲಿಯೇ ಮಾತು ಎತ್ತಿದರು. ಇಮಾಮ್ ಸಾಬರು ಹಿಂದೆಮುಂದೆ ನೋಡಿದರು. "ಯಜಮಾನ್ರೆ, ಇಕಿ ಮಾತು ಕಡ್ಡಿ ಮುರಿದಂಗ. ಬಜಾರದಾಗೆ ವ್ಯಾಪಾರಸ್ಥರೆಲ್ಲ ಹೆದರ್ತಾರೆ. ಎರಡು ಕಡೆ ನಿಖಾ ಮಾತು ಇದರಿಂದನೇ ನಿಂತೈತೆ" ಎಂದರು. ಮಾವ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೇ ಸಾಬರೆ, ನಾಳೆಯಿಂದಲೇ ಕಳಿಸಿ ಎಂದರು. ಜೈತೂನಬಿ ಒಂದೇ ಕರಾರು ಹಾಕಿದಳು. ತಾನು ಬೇಡ ಎಂದದ್ದನ್ನು ಯಾರೂ ತಿರುಗಿ ಪೆಟ್ಟಿಗೆಗೆ ಹಾಕಬಾರದು, ಯಜಮಾನರೂ ಹಾಕಬಾರದು. ಮಾವ ಒಪ್ಪಿದರು. ನನಗೂ ರುದ್ರಪ್ಪನಿಗೂ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಬೆಳಗ್ಗೆ ಅವಳು ಹರಿಹರದ ಬಸ್ಸಿಳಿದು ಬಂದಳು. ಪ್ರತಿ ಲೇತಿನ ಬುಷ್‌ಗಳೂ ಬೇರೆ ಬೇರೆ ತಟ್ಟೆಯಲ್ಲಿ ನೇರವಾಗಿ ಅವಳ ಮೇಜಿಗೆ ಬರಬೇಕು ಎಂದಳು. ರುದ್ರಪ್ಪನಿಗೆ ಬದಲಿಸಿಡಲು ದಾರಿಯೇ ಉಳಿಯಲಿಲ್ಲ. ಮೊದಲು ಅವನ ತಟ್ಟೆ ಹೋಯಿತು. ಮೂರು ತೆಗೆದಳು. ರುದ್ರಪ್ಪ ಮುಖ ಗಂಟಿಕ್ಕಿದ, ಅವಳು ನೋಡಲೇ ಇಲ್ಲ. ಇನ್ನೊಬ್ಬನದರಲ್ಲಿ ಐದು. ಆಮೇಲೆ ಮಾವನ ತಟ್ಟೆ. ಒಂದು ತೆಗೆದಳು. ಇನ್ನೊಂದು. ಮತ್ತೊಂದು. ನಮ್ಮ ಲೇತುಗಳು ಒಂದೊಂದಾಗಿ ನಿಂತವು. ಯಾರೂ ನಿಲ್ಲಿಸಿ ಎಂದು ಹೇಳಿರಲಿಲ್ಲ. ಅವಳು ತೆಗೆಯುತ್ತಲೇ ಇದ್ದಳು. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಬೇಡವಾದವನ್ನು ಸೆರಗಿನಲ್ಲಿ ಎತ್ತಿಕೊಂಡು ಹಳೆಯ ಲೇತಿನ ಹತ್ತಿರ ಹೋದಳು.

"ಯಜಮಾನ್ರೆ, ಇವು ನಿಮ್ಮವೇನ್ರಿ?"

"ಹೂನವ್ವಾ, ನನ್ನವೇ."

"ಇವು ಬ್ಯಾಡ್ರಿ."

ಮಾವ ತಲೆಯಾಡಿಸಿದರು. ಅವಳು ಅಲ್ಲಿಂದ ಹೋಗಲಿಲ್ಲ. ಎರಡು ಬುಷ್ ಎತ್ತಿ ಬೆರಳಲ್ಲಿ ತಿರುಗಿಸಿದಳು.

"ಕೈ ಕೆಟ್ಟಿಲ್ರಿ ನಿಮ್ದು. ಕೈ ಕೆಟ್ಟಿದ್ರೆ ಒಂದು ಹೆಚ್ಚಿಗೆ, ಒಂದು ಕಮ್ಮಿ ಆಗ್ತಿತ್ತು. ಇವೆಲ್ಲ ಒಂದೇ ಕಡೆ ತಪ್ಪ್ಯಾವೆ. ತಕ್ಕಡಿನೂ ಹಂಗೇ. ಅಳತೆ ನೋಡೋದ್ರಾಗೆ ತಪ್ಪೈತೆ. ಕಣ್ಣು ತೋರಿಸ್ರಿ."

ಮಾವ ಲೇತಿನ ಸ್ವಿಚ್ ಆರಿಸಿ, ಕೈ ಒರೆಸಿಕೊಂಡು, ನನ್ನ ಕಡೆ ತಿರುಗಿ, ನಡಿಯಲೇ ಅಳಿಯಾ ಎಂದರು. ಹಾಗೆಯೇ ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಇಬ್ಬರೂ ಕಣ್ಣಿನ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರು ಬಹಳ ಹೊತ್ತು ನೋಡಿದರು. ಎರಡೂ ಕಣ್ಣಿಗೆ ಪೊರೆ ಬಂದು ಬಲಿತಿತ್ತು. ಬಲಗಣ್ಣಿನಲ್ಲಿ ಅದು ತೀರ ಹಣ್ಣಾಗಿ, ಒಳಗೆ ಒತ್ತಡ ಏರಿ, ನರವನ್ನೇ ತಿಂದುಹಾಕಿತ್ತು. ಎಡಗಣ್ಣನ್ನು ಆಪರೇಷನ್ ಮಾಡಿ ಉಳಿಸಬಹುದು, ಬಲಗಣ್ಣು ಇನ್ನು ಬರುವುದಿಲ್ಲ ಎಂದರು. ಒಂದು ವರ್ಷ ಮೊದಲೇ ಬಂದಿದ್ದರೆ ಎರಡೂ ಉಳಿಯುತ್ತಿದ್ದವು, ಜೊತೆಗಿದ್ದವರು ಯಾರೂ ಗಮನಿಸಲಿಲ್ಲವೇ ಎಂದು ನನ್ನನ್ನು ಕೇಳಿದರು. ಗಮನಿಸಿದ್ದೆವು. ಅರ ಹಿಡಿದು ಉಜ್ಜಿ ಅಳಿಸಿದ್ದೆವು.

ಹೊರಗೆ ಬೆಂಚಿನ ಮೇಲೆ ಕೂತಾಗ ತಡೆಯಲಾಗಲಿಲ್ಲ. ನಮಗೆ ಮೊದಲಿನಿಂದಲೂ ಗೊತ್ತಿತ್ತು ಮಾವಾ ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಮಾವ ನನ್ನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಹೆಬ್ಬೆರಳನ್ನು ಅಂಗೈ ಮೇಲೆ ಸವರುತ್ತಾ ಹೇಳಿದರು.

"ನನಗೂ ಗೊತ್ತಿತ್ತಲೇ. ಚುಕ್ಕಿ ಅಳಿಸಿದ ಜಾಗ ಬೆರಳಿಗೆ ಹತ್ತಂಗಿಲ್ಲೇನು? ಕಣ್ಣು ಹ್ವಾದ್ರೂ ಬೆರಳು ಐತಲ್ಲ."

"ಹಂಗಾರೆ ನೀವೇ ಯಾಕ ಬಿಡ್ಲಿಲ್ಲ ಮಾವಾ?"

"ನನಗೆ ನಾನೇ ಬ್ಯಾಡ ಅಂದ್ಕೊಳ್ಳಾಕೆ ಆಗ್ಲಿಲ್ಲ. ಯಾರಾದ್ರೂ ಒಬ್ರು ಅಂದ್ರೆ ಕೇಳ್ತೀನಿ ಅಂದ್ಕಂಡಿದ್ದೆ. ಅದಕ್ಕೇ ಅಷ್ಟು ಹುಡುಕಿದ್ದು."

ಒಂದು ವರ್ಷ ಊರಿಗೆಲ್ಲ ತಮಾಷೆಯಾಗಿದ್ದ ಈ ಮನುಷ್ಯ ಹುಡುಕುತ್ತಿದ್ದದ್ದು ಬುಷ್ ನೋಡುವವರನ್ನಲ್ಲ, ತನ್ನನ್ನು ನೋಡುವವರನ್ನು. ಅಂಥವರು ಬೇಡವೆಂದು ಬೀದಿ ಮೂಲೆಯಲ್ಲಿ ಕಾದು ನಿಂತವನು ನಾನು. ಅವರನ್ನು ನಾನು ಪ್ರೀತಿಸುತ್ತಿದ್ದೆ ಎಂಬುದರಲ್ಲಿ ಸುಳ್ಳಿಲ್ಲ. ಆದರೆ ಆ ಪ್ರೀತಿಗೆ ಒಂದು ಕಣ್ಣು ಹೋಯಿತು.

ಆ ದೊಡ್ಡ ಮಾಲು ಜೈತೂನಬಿಯ ಕೈ ದಾಟಿ ಹರಿಹರಕ್ಕೆ ಹೋಯಿತು, ವಾಪಸ್ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಎಡಗಣ್ಣಿನ ಆಪರೇಷನ್ ಆಗಿ, ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಿಕೊಂಡು ಮಾವ ಶೆಡ್ಡಿಗೆ ಬಂದದ್ದು ಮೂರು ತಿಂಗಳ ಮೇಲೆ. ಬಂದವರೇ ಹಳೆಯ ಲೇತು ಹಾಕಿ, ಹೊಸ ಕಣ್ಣಿನಿಂದ, ಬಹಳ ನಿಧಾನವಾಗಿ, ಒಂದೇ ಒಂದು ಬುಷ್ ಮಾಡಿದರು. ಜೈತೂನಬಿಗೆ ತೋರಿಸೋಣ ಎಂದು ನಾನು ಚೆಕ್ಕರ್ ಮೇಜಿನ ಕಡೆ ಕೈ ತೋರಿದೆ. ಅವರು ಬೇಡ ಎಂದು ತಲೆಯಾಡಿಸಿ, ಗೇಜನ್ನು ತರಿಸಿ ನನ್ನ ಕೈಗೇ ಕೊಟ್ಟರು. ನೀನೇ ನೋಡು ಎಂದರು.

ನೋಡಿದೆ. ಹೋಗಬೇಕಾದ ತುದಿ ಹೋಯಿತು. ಹೋಗಬಾರದ ತುದಿಯೂ ಹೋಯಿತು. ಇನ್ನೊಮ್ಮೆ ನೋಡಿದೆ. ಮಾವ ಒಂದೇ ಕಣ್ಣಿನಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದರು. ಹದಿಮೂರು ಹದಿನಾಲ್ಕು ಜನ ಕೆಲಸ ಬಿಟ್ಟು ನಿಂತಿದ್ದರು.

"ಇದು ಬ್ಯಾಡ ಮಾವಾ" ಎಂದೆ.

ಮಾವ ಲೇತಿನ ಸ್ವಿಚ್ ಆರಿಸಿದರು. ಅದರ ಮೇಲಿದ್ದ ಕಬ್ಬಿಣದ ಪುಡಿಯನ್ನು ಅಂಗೈಯಲ್ಲಿ ಒಟ್ಟುಮಾಡಿ ತೆಗೆದರು, ಹಳೆಯ ಗೋಣಿತಟ್ಟನ್ನು ಅದಕ್ಕೆ ಹೊದಿಸಿ ಅಂಚು ಸರಿಮಾಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟು, ಶೆಡ್ಡಿನವರಿಗೆಲ್ಲ ಕೇಳುವಂತೆ ಹೇಳಿದರು.

"ನಮ್ಮ ಅಳಿಯಂದು ಇವತ್ತಿಂದ ಕೆಲಸ ಪರ್ಮನೆಂಟ್ ಆತು ನೋಡ್ರಪಾ."

ಎಲ್ಲರೂ ನಕ್ಕರು. ನಾನು ಶೆಡ್ಡಿನ ಹಿಂದೆ ಹೋಗಿ ಅತ್ತುಬಿಟ್ಟೆ.